ಎಕ್ಸಾಸ್ಟ್ ಟೆಂಪರೇಚರ್ ಗೇಜ್: ಸೆನ್ಸರ್ ಟರ್ಬೊಗೆ ಮುಂಚೆ ಹಾಕಿಸಬೇಕಾ, ಆಮೇಲಾ?

ನಿಮ್ಮದು 2014ರ ಹತ್ತು ಚಕ್ರದ ಲಾರಿ, ಮೆಕ್ಯಾನಿಕಲ್ ಡೀಸೆಲ್ ಪಂಪಿನ ಇಂಜಿನ್, ಮಂಡ್ಯದಿಂದ ಕಬ್ಬು ಹೊಡೆಯುತ್ತೀರಿ, ಸೀಸನ್ ಇಲ್ಲದಾಗ ಘಾಟಿ ಕಡೆ ಲೋಡ್ ಹೋಗುತ್ತೀರಿ ಅಂತ ಬರೆದಿದ್ದೀರಿ. ಇಂಜಿನ್ನಿನಿಂದ ಹೊರಬರುವ ಹೊಗೆಯ ಬಿಸಿ ತೋರಿಸುವ ಗೇಜ್ ತಂದಾಗಿದೆ. ಆದರೆ ಮೆಕ್ಯಾನಿಕ್ "ಮ್ಯಾನಿಫೋಲ್ಡ್ ಕೊರೆಯೋದು ಬೇಡ, ಟರ್ಬೊ ಆದ್ಮೇಲೆ ಪೈಪಲ್ಲಿ ಹಾಕೋಣ" ಅಂದಿದ್ದಾರೆ. ಯಾವುದು ಸರಿ ಅಂತ ಅಲ್ವಾ ನಿಮ್ಮ ಪ್ರಶ್ನೆ?

ಅಣ್ಣ, ಟರ್ಬೊಗೆ (ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ) ಮುಂಚೆ, ಸಿಲಿಂಡರುಗಳ ಹೊಗೆ ಒಟ್ಟುಗೂಡಿ ಟರ್ಬೊಗೆ ಹೋಗುವ ಮ್ಯಾನಿಫೋಲ್ಡಿನಲ್ಲೇ ಹಾಕಿಸಿ. ಆದರೆ ಮ್ಯಾನಿಫೋಲ್ಡನ್ನು ಬಿಚ್ಚಿ ಇಳಿಸಿದ ಮೇಲೆಯೇ ಕೊರೆಸಿ.

ಯಾಕೆ ಅಂತ ನನಗಾದ ನಷ್ಟದಿಂದಲೇ ಹೇಳುತ್ತೇನೆ. ನನ್ನ ಹಳೇ ಗಾಡಿಗೆ ಪಿಕಪ್ ಸಾಲದು ಅಂತ ಒಂದು ಗ್ಯಾರೇಜಿನಲ್ಲಿ ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿಸಿದ್ದೆ. ಆಮೇಲೆ ಮಂಗಳೂರಿನಿಂದ ಲೋಡ್ ತುಂಬಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಹೋಸಿನ ಕ್ಲಿಪ್ ಸಡಿಲವಾಗಿ ಗಾಳಿ ಸೋರುತ್ತಿತ್ತು, ನನಗೆ ಗೊತ್ತಾಗಲಿಲ್ಲ. ಗಾಡಿ ಎಳೆಯುತ್ತಿಲ್ಲ, ಕಪ್ಪು ಹೊಗೆ ಬರುತ್ತಿದೆ, ನಾನು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿಕೊಂಡೇ ಮಡಿಕೇರಿವರೆಗೆ ಹತ್ತಿಸಿದೆ. ಹೀಟ್ ಮೀಟರ್ ಮುಳ್ಳು ನಡುವೆಯೇ ನಿಂತಿತ್ತು, ಅದನ್ನೇ ನಂಬಿದ್ದೆ. ಕುಶಾಲನಗರ ದಾಟುವಷ್ಟರಲ್ಲಿ ಇಂಜಿನ್ ಬಡಿಯಲು ಶುರುವಾಯಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ತಲೆಯ ಅಂಚು ಕರಗಿತ್ತು.

ಹೀಟ್ ಮೀಟರ್ ತೋರಿಸುವುದು ರೇಡಿಯೇಟರ್ ನೀರಿನ ಬಿಸಿಯನ್ನು. ನೀರು ನಿಧಾನಕ್ಕೆ ಕಾಯುತ್ತದೆ. ಸಿಲಿಂಡರಿನಿಂದ ಹೊರಬರುವ ಹೊಗೆಯ ಬಿಸಿ ಕೆಲವೇ ಸೆಕೆಂಡಿನಲ್ಲಿ 200 ಡಿಗ್ರಿ ಏರಬಹುದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿ ಸೆಲ್ಸಿಯಸ್‌ಗೆ. ಕೆಳಗಿನಿಂದ ಆಯಿಲ್ ತಂಪು ಮಾಡುತ್ತಿರುವುದರಿಂದ ಹೊಗೆಯಷ್ಟು ಬಿಸಿ ಪಿಸ್ಟನ್ನಿಗೆ ಏರುವುದಿಲ್ಲ, ಆದರೆ ಘಾಟಿಯಲ್ಲಿ ಅರ್ಧ ಗಂಟೆ ಒತ್ತಿ ಹಿಡಿದರೆ ಆ ತಂಪೂ ಸಾಲುವುದಿಲ್ಲ.

ಈಗ ಟರ್ಬೊ ವಿಷಯ. ಹೊಗೆ ತನ್ನ ಬಿಸಿಯಲ್ಲಿ ಒಂದಷ್ಟನ್ನು ಟರ್ಬೊ ಚಕ್ರ ತಿರುಗಿಸಲು ಕೊಟ್ಟು ಹೊರಗೆ ಬರುತ್ತದೆ. ಹಾಗಾಗಿ ಲೋಡಿನಲ್ಲಿ ಟರ್ಬೊ ಆದ ಮೇಲಿನ ಬಿಸಿ 100ರಿಂದ 200 ಡಿಗ್ರಿ ಕಡಿಮೆ ಇರುತ್ತದೆ. ಈ ವ್ಯತ್ಯಾಸ ಯಾವಾಗಲೂ ಒಂದೇ ಆಗಿದ್ದರೆ ಕೂಡಿಸಿ ಲೆಕ್ಕ ಹಾಕಬಹುದಿತ್ತು. ಖಾಲಿ ಗಾಡಿಯಲ್ಲಿ ಕಡಿಮೆ, ಏರಿನಲ್ಲಿ ಜಾಸ್ತಿ. ನಿಮಗೆ ನಿಜವಾದ ಅಂಕಿ ಬೇಕಾಗುವ ಹೊತ್ತಿನಲ್ಲೇ ಆ ಗೇಜ್ ಜಾಸ್ತಿ ತಪ್ಪು ಹೇಳುತ್ತದೆ. ನಿಮ್ಮ ಮೆಕ್ಯಾನಿಕ್ ಭಯವೂ ಸುಳ್ಳಲ್ಲ, ಸೆನ್ಸರ್ ತುದಿ ಮುರಿದರೆ ಅಥವಾ ಕೊರೆದ ಪುಡಿ ಒಳಗೆ ಉಳಿದರೆ ನೇರವಾಗಿ ಟರ್ಬೊ ರೆಕ್ಕೆಗೇ ಹೋಗಿ ಬಡಿಯುತ್ತದೆ. ಕೆಲವರು ಗ್ರೀಸ್ ಹಚ್ಚಿದ ಡ್ರಿಲ್ ಬಿಟ್ಟಿನಲ್ಲಿ ಗಾಡಿಯ ಮೇಲೇ ಕೊರೆದು, ಅಯಸ್ಕಾಂತದಲ್ಲಿ ಪುಡಿ ತೆಗೆಯುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬಿಚ್ಚಿದರೆ ಹೊಸ ಪ್ಯಾಕಿಂಗ್ ಮತ್ತು ಒಂದು ದಿನದ ಕೂಲಿ, ಅಷ್ಟೇ ಖರ್ಚು.

ನನ್ನದನ್ನು ಮೈಸೂರಿನ ಒಂದು ಲೇತ್ ಅಂಗಡಿಯಲ್ಲಿ ಕೊರೆಸಿದೆ. ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು, ನಿಧಾನಕ್ಕೆ ಕೊರೆಯಬೇಕು. ಸಾಮಾನ್ಯವಾಗಿ ಸೆನ್ಸರಿನ ಮರೆ (ಥ್ರೆಡ್) 1/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಮರೆಯ ಅಳತೆ, ಇರುತ್ತದೆ, ಅದಕ್ಕೆ ಸುಮಾರು 8.7 ಮಿಲಿಮೀಟರ್ ಬಿಟ್. ಈ ಮರೆ ಕೆಳಗೆ ಹೋದಂತೆ ಸಣ್ಣದಾಗುವ ಜಾತಿ, ಮರೆ ಹೊಡೆಯುವ ಟ್ಯಾಪನ್ನು ಪೂರ್ತಿ ಇಳಿಸಿದರೆ ತೂತು ದೊಡ್ಡದಾಗಿ ಫಿಟಿಂಗ್ ಕೂರುವುದೇ ಇಲ್ಲ. ಸ್ವಲ್ಪ ಹೊಡೆದು, ಫಿಟಿಂಗ್ ಹಾಕಿ ನೋಡಿ, ಮತ್ತೆ ಸ್ವಲ್ಪ ಹೊಡೆಯಲು ಹೇಳಿ. ಎಲ್ಲ ಸಿಲಿಂಡರಿನ ಹೊಗೆ ಸೇರುವ ಜಾಗದಲ್ಲಿ, ಟರ್ಬೊ ಬೋಲ್ಟ್ ಆಗುವ ಫ್ಲಾಂಜಿಗೆ ಹತ್ತಿರ ಕೊರೆಸಿ. ಆರು ಸಿಲಿಂಡರ್ ಇಂಜಿನ್ನಿನಲ್ಲಿ ಹಲವಕ್ಕೆ ಒಳಗೆ ನಡುಗೋಡೆ ಇರುತ್ತದೆ, ಮೂರು ಮೂರು ಸಿಲಿಂಡರ್ ಬೇರೆ ಬೇರೆ ದಾರಿ, ಆ ಗೋಡೆ ಮೇಲೆ ಬಿಟ್ ಇಡಬೇಡಿ. ಸೆನ್ಸರ್ ತುದಿ ಹೊಗೆಯ ದಾರಿಯ ನಡುವೆ ಬರಬೇಕು, ಎದುರಿನ ಗೋಡೆಗೆ ತಾಗಬಾರದು.

ವೈರಿಂಗ್‌ನಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ನಿಮ್ಮ ಲಾರಿ 24 ವೋಲ್ಟ್, ಅಂಗಡಿಯಲ್ಲಿ ಸಿಗುವ ಗೇಜುಗಳಲ್ಲಿ ಎಷ್ಟೋ 12 ವೋಲ್ಟಿನವು, ಹಾಗೇ ಕೊಟ್ಟರೆ ಸುಟ್ಟೇ ಹೋಗುತ್ತದೆ. ಮೊದಲು ಡಬ್ಬಿ ಮೇಲೆ ಓದಿ. 12 ಇದ್ದರೆ ಒಂದು ಕನ್ವರ್ಟರ್ ಹಾಕಿ. ಒಂದೇ ಬ್ಯಾಟರಿಯಿಂದ 12 ಎಳೆಯಬೇಡಿ, ಎರಡು ಬ್ಯಾಟರಿ ಸಮ ಇಲ್ಲದೆ ಹಾಳಾಗುತ್ತವೆ. ಕೀ ಆನ್ ಆದ ಮೇಲೆ ಬರುವ ಲೈನಿನಿಂದ ಚಿಕ್ಕ ಫ್ಯೂಸ್ ಹಾಕಿ ತೆಗೆದುಕೊಳ್ಳಿ.

ಎರಡನೆಯದು ಸೆನ್ಸರ್ ವೈರ್. ಇದು ಕೆ ಟೈಪ್ ಥರ್ಮೊಕಪಲ್, ಎರಡು ಬೇರೆ ಲೋಹದ ತಂತಿ ಬಿಸಿಯಾದಾಗ ಹುಟ್ಟುವ ವೋಲ್ಟೇಜನ್ನು ಗೇಜ್ ಓದುತ್ತದೆ, ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಕ್ಯಾಬಿನ್‌ವರೆಗೆ ಸಾಲಲಿಲ್ಲ ಅಂತ ಸುಮ್ನೆ ತಾಮ್ರದ ವೈರ್ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಕೆ ಟೈಪ್ ಎಕ್ಸ್‌ಟೆನ್ಷನ್ ವೈರ್ ಅಂತಲೇ ಕೇಳಿ ತನ್ನಿ.

ಇನ್ನು ಬಣ್ಣ. ಅಮೆರಿಕದ ಪದ್ಧತಿಯ ವೈರಿನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್! ಕೆಂಪು ಕಂಡ ಕೂಡಲೇ ಎಲ್ಲರೂ ಪ್ಲಸ್‌ಗೆ ಕೊಡುತ್ತಾರೆ. ಮ್ಯಾನಿಫೋಲ್ಡಿಗೆ ಹಾಕುವ ಮುಂಚೆ ತುದಿಗೆ ಲೈಟರ್ ಹಿಡಿಯಿರಿ. ಮುಳ್ಳು ಏರದೆ ಹಿಂದಕ್ಕೆ ಹೋದರೆ ವೈರ್ ಅದಲು ಬದಲಾಗಿದೆ. ಡಿಜಿಟಲ್ ಗೇಜ್ ಆದರೆ ಕುದಿಯುವ ನೀರಿನಲ್ಲೂ ಅದ್ದಿ ನೋಡಿ, 97ರ ಹತ್ತಿರ ತೋರಿಸಬೇಕು. ಮೈಸೂರು ಸಮುದ್ರಮಟ್ಟದಿಂದ 760 ಮೀಟರ್ ಮೇಲಿರುವುದರಿಂದ ನಮ್ಮಲ್ಲಿ ನೀರು ನೂರಕ್ಕೆ ಮುಂಚೆಯೇ ಕುದಿಯುತ್ತದೆ. ಮಂಡ್ಯದಲ್ಲೂ ಹೆಚ್ಚುಕಡಿಮೆ ಅಷ್ಟೇ.

ಓಡಿಸುವಾಗ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಲೋಡಿನಲ್ಲಿ ಸಮತಟ್ಟು ರಸ್ತೆಗೆ 350ರಿಂದ 450. ಏರಿನಲ್ಲಿ 600 ಮುಟ್ಟಿದರೆ ಕಣ್ಣು ಗೇಜ್ ಮೇಲಿರುತ್ತದೆ, 650ಕ್ಕೆ ಒಂದು ಗೇರ್ ಇಳಿಸುತ್ತೇನೆ, 700 ದಾಟಲು ಬಿಡುವುದಿಲ್ಲ. ನಿಮ್ಮ ಗೇಜ್ ಫ್ಯಾರನ್‌ಹೀಟಿನದಾದರೆ 700 ಅಂದರೆ ಸುಮಾರು 1300. ಗೇರ್ ಇಳಿಸಿದಾಗ ಆರ್‌ಪಿಎಂ ಏರಿ ಗಾಳಿ ಜಾಸ್ತಿ ಬರುತ್ತದೆ, ಬಿಸಿ ಬೇಗ ಇಳಿಯುತ್ತದೆ. ಅದೇ ಲೋಡು, ಅದೇ ರಸ್ತೆಯಲ್ಲಿ ಮೊದಲಿಗಿಂತ 50 ಡಿಗ್ರಿ ಜಾಸ್ತಿ ಕಾಣಿಸಿದರೆ ಏರ್ ಕ್ಲೀನರ್, ಹೋಸ್ ಕ್ಲಿಪ್, ಇಂಟರ್‌ಕೂಲರ್ ನೋಡಿ. ಗದ್ದೆ ದಾರಿಯಲ್ಲಿ ಹೋಗುವ ಕಬ್ಬಿನ ಲಾರಿಗಳಲ್ಲಿ ತರಗು, ಧೂಳು ಕಟ್ಟಿಕೊಳ್ಳುವುದು ಅಲ್ಲೇ. ಘಾಟಿ ಹತ್ತಿ ಟೀಗೆ ನಿಲ್ಲಿಸಿದ ತಕ್ಷಣ ಇಂಜಿನ್ ಆಫ್ ಮಾಡಬೇಡಿ, 200ರ ಕೆಳಗೆ ಇಳಿಯುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ, ಇಲ್ಲದಿದ್ದರೆ ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ.

ಇದನ್ನು ಓದುವ ಬೇರೆ ಯಾರದಾದರೂ 2020ರ ನಂತರದ ಬಿಎಸ್ 6 (ಹೊಗೆ ಮಾಲಿನ್ಯದ ನಿಯಮ) ಗಾಡಿ ಆಗಿದ್ದರೆ ಕೊರೆಸಬೇಡಿ. ಅದರಲ್ಲಿ ಕಂಪನಿಯವರದೇ ಹೊಗೆ ಬಿಸಿಯ ಸೆನ್ಸರ್ ಇರುತ್ತದೆ, ಸ್ಕ್ಯಾನರ್‌ನಲ್ಲಿ ಓದಬಹುದು, ಸುಮ್ನೆ ವಾರಂಟಿ ಕಳೆದುಕೊಳ್ಳುತ್ತೀರಿ.

ಹಾಕಿಸಿ ನಾಲ್ಕೈದು ನೂರು ಕಿಲೋಮೀಟರ್ ಆದ ಮೇಲೆ, ಇಂಜಿನ್ ತಣ್ಣಗಿದ್ದಾಗ ಫಿಟಿಂಗ್ ಸುತ್ತ ಕಪ್ಪು ಮಸಿ ಇದೆಯಾ ನೋಡಿ. ಇದ್ದರೆ ಹೊಗೆ ಸೋರುತ್ತಿದೆ, ಇನ್ನೊಂದು ಕಾಲು ಸುತ್ತು ಬಿಗಿ ಮಾಡಿಸಿ.