ನಾಣ್ಯದ ಮೇಲಿನ ಜೋಡಿ ಗೆರೆ: ಅಚ್ಚಿನ ದೋಷವೋ, ಯಂತ್ರದ ಅಲುಗಾಟವೋ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಊರಿಗೆ ಬಂದಾಗ ಬಿಟ್ಟುಹೋದ ಚಿಲ್ಲರೆಯಲ್ಲಿ 1998ರ ಒಂದು ಸೆಂಟ್ ನಾಣ್ಯವಿದೆ. ಅದರ ಇಸವಿಯ ಅಂಕಿಗಳ ಬದಿಗೆ ಮೆಟ್ಟಿಲಿನಂತೆ ಇನ್ನೊಂದು ಗೆರೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಮಿನುಗುತ್ತದೆ, ಅಂಕಿಗಳು ಮಾತ್ರ ಸಣಕಲಾಗಿವೆ. ಇದು ಬಹಳ ಬೆಲೆಬಾಳುವ ‘ಡಬಲ್ಡ್ ಡೈ’ ನಾಣ್ಯವೆಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪರಿಚಿತರ ಉತ್ಸಾಹಕ್ಕೆ ತಣ್ಣೀರೆರಚಬೇಕಾಗಿದೆ. ಮೆಟ್ಟಿಲು, ಮಿನುಗು, ಸಣಕಲಾದ ಅಂಕಿ ಎಂದು ನೀವು ಬರೆದಿರುವ ಮೂರು ಲಕ್ಷಣಗಳೂ ‘ಮಷೀನ್ ಡಬ್ಲಿಂಗ್’ ಎಂಬ ತೀರ ಸಾಮಾನ್ಯ ಸಂಗತಿಯತ್ತಲೇ ಬೆರಳು ತೋರಿಸುತ್ತವೆ.

ಡಬಲ್ಡ್ ಡೈ ಎಂಬುದು ನಾಣ್ಯ ಹುಟ್ಟುವ ಮೊದಲೇ ಅಚ್ಚಿನಲ್ಲಿ ಸೇರಿಕೊಂಡ ದೋಷ. ಹಿಂದೆಲ್ಲ ಉಬ್ಬು ಚಿತ್ರವಿರುವ ‘ಹಬ್’ ಎಂಬ ಉಕ್ಕಿನ ಪಡಿಯನ್ನು ಅಚ್ಚಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಿ ಚಿತ್ರವನ್ನು ಇಳಿಸುತ್ತಿದ್ದರು. ಎರಡನೆಯ ಸಲ ಅದು ಕೂದಲೆಳೆಯಷ್ಟು ತಿರುಗಿ ಕುಳಿತರೂ ಅಚ್ಚಿನಲ್ಲಿ ಎರಡು ಚಿತ್ರಗಳು ಮೂಡಿ, ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯಕ್ಕೂ ಅದೇ ಜೋಡಿ ಗೆರೆ ಇಳಿಯುತ್ತಿತ್ತು. ಫಿಲಡೆಲ್ಫಿಯಾ ಟಂಕಸಾಲೆಯ 1955ರ ಲಿಂಕನ್ ಸೆಂಟ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರಲ್ಲಿ ಇಸವಿ, ‘ಲಿಬರ್ಟಿ’ ಎಂಬ ಪದ ಮತ್ತು ಲಿಂಕನ್‌ನ ತಲೆಯ ಮೇಲ್ಗಡೆ ಇರುವ ಬರಹ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಅಂತಹ ನಾಣ್ಯದಲ್ಲಿ ಎರಡನೆಯ ಗೆರೆಯೂ ಮೊದಲನೆಯದರಂತೆ ದುಂಡಗೆ ಉಬ್ಬಿರುತ್ತದೆ, ಅಕ್ಷರಗಳು ದಪ್ಪವಾಗಿರುತ್ತವೆ, ಅವುಗಳ ತುದಿಗಳಲ್ಲಿ ಎರಡು ಗೆರೆಗಳು ಕವಲೊಡೆಯುವಲ್ಲಿ ಸಣ್ಣ ಕಚ್ಚು ಇರುತ್ತದೆ. ನಾನಾದರೆ ಬೇರೆಲ್ಲಕ್ಕಿಂತ ಮೊದಲು ಆ ಕಚ್ಚನ್ನೇ ಹುಡುಕುತ್ತೇನೆ.

ನಿಮ್ಮ ನಾಣ್ಯದ ಕಥೆ ಬೇರೆ. ಯಂತ್ರದಲ್ಲಿ ಅಚ್ಚು ಬಿಗಿಯಾಗಿ ಕೂರದೆ, ಬಿಲ್ಲೆಯ ಮೇಲೆ ಬಿದ್ದ ಮರುಕ್ಷಣವೇ ಪಕ್ಕಕ್ಕೆ ಜಾರಿದರೆ, ಆಗಷ್ಟೇ ಮೂಡಿದ ಅಂಕಿಯ ಅಂಚನ್ನು ಅದು ಕೆಳಕ್ಕೆ ತಳ್ಳಿ ಚಪ್ಪಟೆ ಮಾಡುತ್ತದೆ. ಹೊಸದಾಗಿ ಏನೂ ಸೇರುವುದಿಲ್ಲ. ಇದ್ದ ಅಂಕಿಯೇ ಸವೆದು ಮೆಟ್ಟಿಲಾಗುತ್ತದೆ. ಪರೀಕ್ಷಿಸಬೇಕೆನಿಸಿದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕಣ್ಣಿಗೆ ಹಿಡಿದು, ಒಂದೇ ಬದಿಯಿಂದ ಬೀಳುವ ದೀಪದ ಬೆಳಕಿನಲ್ಲಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಮೆಟ್ಟಿಲು ಚಪ್ಪಟೆಯಾಗಿದ್ದರೆ ಕನ್ನಡಿ ಚೂರಿನಂತೆ ಇಡಿಯಾಗಿ ಒಮ್ಮೆಲೇ ಹೊಳೆದು ಒಮ್ಮೆಲೇ ಆರುತ್ತದೆ. ದುಂಡಗಿದ್ದರೆ ಬೆಳಕು ಅದರ ಬೆನ್ನಿನ ಮೇಲೆ ಹರಿದಾಡುತ್ತದೆ.

ಕಣ್ಣಿಗೆ ಮೋಸ ಮಾಡುವ ಇನ್ನೆರಡು ಸಂಗತಿಗಳಿವೆ. ಬಹಳ ದುಡಿದ ಅಚ್ಚು ಸವೆದಾಗ ಅಂಕಿಗಳ ಸುತ್ತ ಮಸುಕಾದ ನೆರಳು ಮೂಡುತ್ತದೆ. 1955ರದೇ ಅಂತಹ ಸೆಂಟುಗಳನ್ನು ಸಂಗ್ರಾಹಕರು ‘ಬಡವರ ಡಬಲ್ಡ್ ಡೈ’ ಎಂದು ಗೇಲಿ ಮಾಡುವುದುಂಟು. 1982ರ ನಡುವಿನಿಂದ ಸೆಂಟ್ ನಾಣ್ಯವು ತಾಮ್ರದ ತೆಳು ಲೇಪನವಿರುವ ಸತುವಾದ್ದರಿಂದ, ಅಕ್ಷರದ ಬುಡದಲ್ಲಿ ಲೇಪನ ಬಿರಿದು ಒಳಗಿನ ಬೂದು ಬಣ್ಣದ ಸತು ಇಣುಕಿದರೂ ಜೋಡಿ ಗೆರೆಯಿದ್ದಂತೆ ತೋರುತ್ತದೆ.

ಅಮೆರಿಕದ ಟಂಕಸಾಲೆಯು 1990ರ ದಶಕದ ಉತ್ತರಾರ್ಧದಲ್ಲಿ ಹಬ್ಬನ್ನು ಒಂದೇ ಸಲ ಒತ್ತಿ ಅಚ್ಚು ಮಾಡುವ ಪದ್ಧತಿಗೆ ಬದಲಾಯಿತು. ಹಾಗೆಂದು ದೋಷ ಪೂರ್ತಿ ನಿಲ್ಲಲಿಲ್ಲ. ಒತ್ತಲು ಶುರುಮಾಡುವಾಗ ಹಬ್ ತುಸು ವಾಲಿದರೆ, ಚಿತ್ರದ ನಡುಭಾಗದಲ್ಲಿ ಚಿಕ್ಕ ಜೋಡಿ ಮೂಡುತ್ತದೆ. ಆದ್ದರಿಂದ ಈಚಿನ ಸೆಂಟುಗಳಲ್ಲಿ ಅಂಚಿಗೆ ಸಮೀಪದ ಇಸವಿಗಿಂತ ನಡುವಿನ ಚಿತ್ರವನ್ನೇ ಹೆಚ್ಚು ಗಮನಿಸಬೇಕು. 2009ರ ಒಂದು ಸೆಂಟಿನಲ್ಲಿ ದಿಮ್ಮಿಯ ಮೇಲೆ ಕುಳಿತು ಓದುತ್ತಿರುವ ಬಾಲಕ ಲಿಂಕನ್‌ನ ಕೈಗೆ ಹೆಚ್ಚುವರಿ ಬೆರಳು ಬಂದಿರುವುದು ಹೀಗೆಯೇ. ನಿಮ್ಮ ಚಿಲ್ಲರೆಯಲ್ಲಿ 1997ರ ಸೆಂಟ್ ಇದ್ದರೆ ಅದನ್ನು ಬೇರೆ ತೆಗೆದಿಟ್ಟು, ಲಿಂಕನ್‌ನ ಕಿವಿಯ ಹಾಲೆ ಎರಡಾಗಿದೆಯೇ ಎಂದು ನೋಡಿ. 1998ರದು ಮಾತ್ರ ಒಂದು ಸೆಂಟೇ.