ಮೈಲುತುತ್ತದಲ್ಲಿ ತೇಲಿದ ಹನಿ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಅಡಿಕೆ ತೋಟದ ಮನೆ. ಆರು ತಿಂಗಳಿಂದ ರಾತ್ರಿಯೂಟ ಬಿಟ್ಟು, ಬೆಳಿಗ್ಗೆ ಐದು ಕಿಲೋಮೀಟರ್ ಓಡಿ, 63 ಕಿಲೋದಿಂದ 54ಕ್ಕೆ ಇಳಿದಿದ್ದೇನೆ. ಮಗಳ ಶಾಲೆಯ ರಕ್ತದಾನ ಶಿಬಿರಕ್ಕೆ ಓಟ ಮುಗಿಸಿ ನೇರವಾಗಿ ಹೋದೆ. ಬೆರಳು ಚುಚ್ಚಿ, ಒಂದು ಹನಿಯನ್ನು ನೀಲಿ ನೀರಿಗೆ ಬಿಟ್ಟು, ‘ನಿಮ್ಮದು ಆಗುವುದಿಲ್ಲ’ ಎಂದುಬಿಟ್ಟರು. ಇಷ್ಟು ಗಟ್ಟಿಯಾಗಿರುವವಳಿಗೆ ರಕ್ತ ಕಡಿಮೆಯೇ? ರಕ್ತ ಕೊಟ್ಟರೆ ತೂಕವೂ ಇಳಿಯುತ್ತದೆ ಎಂದು ನಾದಿನಿ ಹೇಳುತ್ತಾಳೆ, ನಿಜವೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಆ ನೀಲಿ ನೀರು ನಿಮಗೆ ಹೊಸದಲ್ಲ. ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಅಡಿಕೆ ಗೊನೆಗೆ ಹೊಡೆಯುತ್ತೀರಲ್ಲ, ಅದೇ ಮೈಲುತುತ್ತ (ತಾಮ್ರದ ಸಲ್ಫೇಟ್), ಅಳತೆಯಿಟ್ಟು ಕರಗಿಸಿದ್ದು. ರಕ್ತದಲ್ಲಿರುವ, ಕಬ್ಬಿಣದಿಂದಾಗುವ ಹಿಮೋಗ್ಲೋಬಿನ್ ನೂರು ಮಿಲಿಲೀಟರ್‌ಗೆ 12.5 ಗ್ರಾಂ ಅಥವಾ ಮೇಲಿದ್ದರೆ ಹನಿ ಭಾರಕ್ಕೆ ಸೀದಾ ತಳ ಸೇರುತ್ತದೆ. ಕಡಿಮೆಯಿದ್ದರೆ ನಡುವೆಯೇ ತಡೆದು ಮೇಲಕ್ಕೆ ಬರುತ್ತದೆ. ಇಪ್ಪತ್ತೆರಡು ವರ್ಷ ಆ ಮೇಜಿನ ಹಿಂದೆ ಕುಳಿತವನು ನಾನು. ಹನಿ ತೇಲಿದಾಗ ಹೆಚ್ಚು ಮುನಿಸಿಕೊಳ್ಳುತ್ತಿದ್ದವರು ನಿಮ್ಮಂಥ ಗಟ್ಟಿಗರೇ.

ಓಟ ನಿಮ್ಮ ಕಾಲನ್ನೂ ಎದೆಯನ್ನೂ ಗಟ್ಟಿ ಮಾಡಿರಬಹುದು. ಕಬ್ಬಿಣದ ಲೆಕ್ಕವೇ ಬೇರೆ. ಊಟದಿಂದ ದಿನಕ್ಕೆ ಮೈಗೆ ಹತ್ತುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಅಷ್ಟೇ. ಮುಟ್ಟಿನಲ್ಲಿ ಒಂದಿಷ್ಟು ಹೋಗುತ್ತದೆ, ಬೆವರಿನಲ್ಲಿ ಚೂರು. ಅದರ ಮೇಲೆ ನೀವು ಒಂದು ಹೊತ್ತಿನ ತಟ್ಟೆಯನ್ನೇ ಎತ್ತಿಟ್ಟಿದ್ದೀರಿ. ನಿಮ್ಮ ತೂಕದವರಿಂದ ತೆಗೆಯುವ 350 ಮಿಲಿಲೀಟರ್ ಚೀಲವೊಂದರಲ್ಲೇ ಸುಮಾರು 150 ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. ಹೆಂಗಸರು ಎರಡು ದಾನಗಳ ನಡುವೆ 120 ದಿನ ಬಿಡಬೇಕು ಎನ್ನುವುದು ಸುಮ್ಮನೆ ಅಲ್ಲ. ಅಂದು ಅವರು ನಿಮ್ಮನ್ನು ಮರಳಿ ಕಳಿಸಿದ್ದು ಸರಿ.

ಓಟ ರೂಢಿಯಾದವರಲ್ಲಿ ರಕ್ತದ ನೀರಿನಂಶ ಹೆಚ್ಚಿ ಹಿಮೋಗ್ಲೋಬಿನ್ ತೆಳುವಾಗಿ ಕಾಣುವುದೂ ಉಂಟು. ಹಾಗೇ ಇರಬಹುದೆಂದು ಊಹಿಸಿಕೊಂಡು ಕೂರಬೇಡಿ. ಹನಿ ಪರೀಕ್ಷೆ ಒರಟಿನದು. ಪೂರ್ಣ ರಕ್ತ ಪರೀಕ್ಷೆಯ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಿ, ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮುಟ್ಟಿನ ಸ್ರಾವ ಹೆಚ್ಚಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಕಬ್ಬಿಣದ ಮಾತ್ರೆ ಬೇಕೋ ಬೇಡವೋ ಅವರು ಹೇಳಲಿ.

ರಾತ್ರಿಗೆ ಅನ್ನವೇ ಬೇಕೆಂದಿಲ್ಲ. ಹುರುಳಿ ಸಾರು, ಮೊಳಕೆ ಹೆಸರುಕಾಳು, ನಿಂಬೆ ಹಿಂಡಿದ ಕೋಸಂಬರಿ ಆಗಬಹುದು. ಆ ಹುಳಿಯೇ ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುವುದು. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದು ವ್ಯರ್ಥ. ಒಂದು ಗಂಟೆ ತಡೆಯಿರಿ.

ನಾದಿನಿಯ ಮಾತು? ಚೀಲಕ್ಕೆ ಹೋದಷ್ಟು ತೂಕ ತಕ್ಕಡಿಯಲ್ಲಿ ಅಂದು ಕಡಿಮೆ ತೋರಿಸೀತು, ಒಂದೆರಡು ದಿನದಲ್ಲಿ ನೀರಾಗಿ ಮರಳಿ ಬಂದೀತು. ಕೊಬ್ಬು ಒಂದು ಚಮಚೆಯೂ ಹೋಗುವುದಿಲ್ಲ.

ವರದಿ ಸರಿಯಾದ ಮೇಲೆ ಧಾರಾಳವಾಗಿ ಕೊಡಿ. ಆ ದಿನ ಓಟ ಬೇಡ, ಸೂಜಿ ಚುಚ್ಚಿದ ಕೈಯಲ್ಲಿ ಮರುದಿನದವರೆಗೆ ಭಾರ ಎತ್ತಬೇಡಿ. ಒಂದೆರಡು ವಾರ ಏರಿನಲ್ಲಿ ಉಸಿರು ಬೇಗ ಬಂದರೆ ನಿಧಾನಿಸಿ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ. ನಾಲ್ಕು ಇಡ್ಲಿ ತಿಂದು, ನೀರು ಕುಡಿದು ಹೊರಡಿ. ಕೊಟ್ಟ ಮೇಲೆ ಅವರು ಕೈಗಿಡುವ ಬಿಸ್ಕತ್ತನ್ನು ಮಗಳಿಗೆಂದು ಚೀಲಕ್ಕೆ ಸೇರಿಸದೆ, ಅಲ್ಲೇ ಕುಳಿತು ನೀವೇ ತಿನ್ನಿ.