ಕೋಜಿ ಮಿಸ್ಟರಿ: ಕೊಲೆಯ ಕಥೆ ಓದಿದರೆ ಮನಸ್ಸು ಹಗುರಾಗುವುದು ಹೇಗೆ?

ಕೋಜಿ ಮಿಸ್ಟರಿ ಎಂದರೆ ಹಿತವಾಗಿ ಓದಿಸಿಕೊಳ್ಳುವ ಪತ್ತೇದಾರಿ ಕಥೆ. ಇಲ್ಲಿ ಕೊಲೆ ತೆರೆಮರೆಯಲ್ಲೇ ಆಗಿಹೋಗಿರುತ್ತದೆ, ರಕ್ತಪಾತದ ವರ್ಣನೆ ಇರುವುದಿಲ್ಲ. ಸಾಯುವವನು ಹೆಚ್ಚಾಗಿ ಊರಿಗೆಲ್ಲ ಬೇಡವಾದವನು. ಹಾಗಾಗಿ ಓದುಗರಿಗೆ ದುಃಖದ ಭಾರವಿಲ್ಲ, ಕುತೂಹಲವಷ್ಟೇ. ಅಗಾಥಾ ಕ್ರಿಸ್ಟಿಯ 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿ ನೋಡಿ: ಸತ್ತ ಕರ್ನಲ್ಲನನ್ನು ಕಂಡರೆ ಪಾದ್ರಿಗೂ ಆಗದು! ಆ ಪಾದ್ರಿಯ ಓದುಕೋಣೆಯ ಗಡಿಯಾರ ಯಾವಾಗಲೂ ಕಾಲು ಗಂಟೆ ಮುಂದೆ. ಕೊಲೆಯ ವೇಳೆಯ ಲೆಕ್ಕ ತೊಡಕಾಗುವುದು ಅಲ್ಲೇ. ಮನೆವಾರ್ತೆಯ ಇಂಥ ಸಣ್ಣ ಸಂಗತಿಗಳೇ ಸುಳಿವು, ಕೊನೆಗೆ ಎಲ್ಲಕ್ಕೂ ಉತ್ತರ ಸಿಕ್ಕೇ ಸಿಗುತ್ತದೆ.

ಮಲಗುವ ಮುಂಚೆ ಓದುವುದಾದರೆ ಅಧ್ಯಾಯ ಮುಗಿಸಿ ನಿಲ್ಲಿಸಬೇಡಿ. ಮುಂದೇನು ಎಂಬ ಕುತೂಹಲದ ಕೊಕ್ಕೆ ಇರುವುದೇ ಅಲ್ಲಿ, ನಿದ್ದೆ ಹಾರಿಹೋಗುತ್ತದೆ. ನಡುವೆಯೇ ಪುಸ್ತಕ ಮುಚ್ಚಿ. ಪಾತ್ರಗಳು ಜಾಸ್ತಿ, ಯಾರು ಯಾರಿಗೆ ಏನಾಗಬೇಕು ಎಂದು ಚೀಟಿಯಲ್ಲಿ ಬರೆದು ಪುಟದಲ್ಲಿಟ್ಟುಕೊಂಡರೆ ಗಲಿಬಿಲಿ ತಪ್ಪುತ್ತದೆ.